ಕೂಲರ್ ಚೇಂಜ್ ಮಾಡಿದ್ಮೇಲೆ ಪಿಸಿ ಬರ್ತಿಲ್ವಾ? ಮದರ್‌ಬೋರ್ಡ್ ಹೋಯ್ತು ಅಂತ ಈಗ್ಲೇ ಅನ್ಬೇಡಿ

ನಮಸ್ಕಾರ ಎಲ್ರಿಗೂ. ಶಿರಸಿಯಿಂದ ಒಬ್ರು ಕೇಳಿದಾರೆ. ಎಎಂಡಿಯ ರೈಜನ್ 5 3600 ಸಿಪಿಯು (ಪ್ರೊಸೆಸರ್) ಇರೋ ಪಿಸಿ, ಜೊತೆಗೇ ಬಂದಿದ್ದ ಸ್ಟಾಕ್ ಕೂಲರ್ ಗಲಾಟೆ ತಡಿಯಕ್ಕಾಗ್ದೆ ಟವರ್ ಕೂಲರ್ ತರಿಸಿ ಮನೇಲೇ ಕೂರ್ಸಿದ್ರಂತೆ, ಈಗ ಪವರ್ ಬಟನ್ ಒತ್ತಿದ್ರೆ ಫ್ಯಾನೆಲ್ಲ ತಿರುಗುತ್ತೆ, ಲೈಟೂ ಬರುತ್ತೆ, ಡಿಸ್‌ಪ್ಲೇ ಮಾತ್ರ ಇಲ್ಲ. ಅಂಗಡಿಗೆ ಫೋನ್ ಮಾಡಿದ್ರೆ "ಬೋರ್ಡ್ ಹೋಗಿದೆ, ಹುಬ್ಬಳ್ಳಿಗೆ ಕಳಿಸ್ಬೇಕು" ಅಂದ್ರಂತೆ. ಫೋನಲ್ಲೇ ಬೋರ್ಡ್ ಸತ್ತಿದ್ದು ಗೊತ್ತಾಗೋದಾದ್ರೆ ನಾವೆಲ್ಲ ಸ್ಕ್ರೂಡ್ರೈವರ್ ಎಂತಕ್ಕೆ ಇಟ್ಕೊಂಡಿದೀವಿ ಮಾರಾಯ್ರೆ!

ಕೂಲರ್ ಅಂದ್ರೆ ಸಿಪಿಯು ಬಿಸಿ ಇಳಿಸೋ ಲೋಹ ಮತ್ತೆ ಫ್ಯಾನು, ಪೇಸ್ಟ್ ಅಂದ್ರೆ ಆ ಬಿಸಿ ದಾಟ್ಲಿ ಅಂತ ಅವೆರಡರ ನಡುವೆ ಹಚ್ಚೋದು, ಅಷ್ಟು ಗೊತ್ತಿದ್ರೆ ಸಾಕು. ನೋಡ್ಬೇಕಾಗಿದ್ದು ಕೂಲರ್ ಹಾಕುವಾಗ ಕೈ ಇನ್ನೆಲ್ಲೆಲ್ಲಿ ತಾಗ್ತು ಅಂತ. ಅದ್ರಲ್ಲಿ ನನಗೆ ಫಸ್ಟ್ ಡೌಟು ಹಳೇ ಕೂಲರ್ ಬಿಚ್ಚಿದ್ರಲ್ಲ, ಆ ಹೊತ್ತಿನ ಮೇಲೆ.

ಯಾಕಂದ್ರೆ ಇದು ಎಎಂ4 ಸಾಕೆಟ್, ಸಾಕೆಟ್ ಅಂದ್ರೆ ಬೋರ್ಡಲ್ಲಿ ಸಿಪಿಯು ಕೂರೋ ಜಾಗ. ಇದ್ರಲ್ಲಿ ಪಿನ್ ಇರೋದು ಬೋರ್ಡಲ್ಲಲ್ಲ, ಸಿಪಿಯು ಹೊಟ್ಟೇಲಿ, 1331 ಪಿನ್, ಕೂದಲೆಳೆ ಥರ. ಪಕ್ಕದ ಸಣ್ಣ ಲಿವರ್ ಇಳಿಸಿದ್ರೆ ಸಾಕೆಟ್ ಆ ಪಿನ್‌ಗಳನ್ನ ಸೈಡಿಂದ ಹಿಡ್ಕೊಳ್ಳುತ್ತೆ, ಅಷ್ಟೇ ಅದಕ್ಕಿರೋ ಆಧಾರ. ಇಂಟೆಲ್ ಥರ ಮೇಲಿಂದ ಅದುಮಿ ಹಿಡಿಯೋ ಲೋಹದ ಫ್ರೇಮ್ ಇಲ್ಲ. ಈಗ ವರ್ಷಗಟ್ಟಲೆ ಕಾದು ಒಣಗಿದ ಪೇಸ್ಟ್ ಇದೆಯಲ್ಲ, ಅದು ಥೇಟ್ ಹಲಸಿನ ಮೇಣ. ತಣ್ಣಗಿದ್ದಾಗ ಎಳೆದ್ರೆ ಬಿಡಲ್ಲ, ಬಿಟ್ರೂ ಜೊತೆಗೆ ಇನ್ನೇನಾದ್ರೂ ಕಿತ್ಕೊಂಡೇ ಬರೋದು. ಇಲ್ಲಿ ಕಿತ್ಕೊಂಡು ಬರೋದು ಸಿಪಿಯು! ಲಿವರ್ ಲಾಕ್ ಆಗೇ ಇರುತ್ತೆ, ಕೂಲರ್ ನೇರ ಮೇಲೆತ್ತಿದ್ರೆ ಟಪ್ ಅಂತ ಸೌಂಡು, ತಿರುಗಿಸಿ ನೋಡಿದ್ರೆ ಕೂಲರ್ ತಳದಲ್ಲಿ ಸಿಪಿಯು ಅಂಟ್ಕೊಂಡಿದೆ.

ಹಂಗಾಗಿ ಬಿಚ್ಚೋ ಮೊದ್ಲು ಯಾವುದಾದ್ರೂ ಗೇಮ್ ಹಾಕಿ ಸ್ವಲ್ಪ ಹೊತ್ತು ಕಾಯ್ಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ತಗ್ದು, ಕೂಲರ್‌ನ ಎಡಕ್ಕೊಂಚೂರು ಬಲಕ್ಕೊಂಚೂರು ತಿರುಗಿಸ್ತಾ ಬಿಡಿಸ್ಬೇಕು. ಈಗಾಗ್ಲೇ ಕಿತ್ಕೊಂಡು ಬಂದಿದ್ರೆ ಸಿಪಿಯು ಹೊರಗೆ ತೆಗ್ದು ಫೋನ್ ಕ್ಯಾಮೆರಾ ಜೂಮ್ ಮಾಡಿ ಪಿನ್ ಸಾಲನ್ನ ಓರೆಯಾಗಿ ನೋಡಿ, ಬಗ್ಗಿದ್ದು ಸಾಲಿಂದ ಆಚೆ ಕಾಣುತ್ತೆ. ಕಡ್ಡಿ ತೆಗೆದ ಪೆನ್ ಪೆನ್ಸಿಲ್ ತುದಿಯನ್ನ ಪಿನ್ ಮೇಲೆ ತೂರಿಸಿ ಸಾವಕಾಶ ನೆಟ್ಟಗೆ ಮಾಡ್ಬೋದು. ಆಮೇಲೆ ಲಿವರ್ ಎತ್ತಿ, ಮೂಲೆಯ ತ್ರಿಕೋನದ ಗುರುತು ಹೊಂದಿಸಿ ಸುಮ್ನೆ ಇಡಿ, ತಾನಾಗೇ ಕೂತ್ಕೊಳ್ಳುತ್ತೆ. ಒತ್ತಬೇಕು ಅನ್ನಿಸಿದ್ರೆ ಏನೋ ಸರಿಯಿಲ್ಲ, ನಿಲ್ಸಿ.

ಇಂಟೆಲ್ 2004ರಲ್ಲೇ ಎಲ್‌ಜಿಎ 775 ಸಾಕೆಟ್ ತಂದು ಪಿನ್‌ಗಳನ್ನ ಬೋರ್ಡಿಗೆ ದಾಟಿಸ್ತು, ಎಎಂಡಿ ಮಾಮೂಲಿ ಡೆಸ್ಕ್‌ಟಾಪಿಗೆ ಅದನ್ನ ತಂದಿದ್ದು 2022ರಲ್ಲಿ, ಎಎಂ5 ಜೊತೆ. ಅಷ್ಟೂ ವರ್ಷ ನಾವು ಕೂಲರ್ ಕೀಳ್ತಾ ದೇವರ ಹೆಸ್ರು ಹೇಳ್ತಿದ್ವಿ.

ಅಯ್ಯೋ ಟೈಮ್ ಆಗೋಯ್ತು, ಉಳಿದಿದ್ದು ಬೇಗ ಬೇಗ. ಮಾನಿಟರ್ ಕೇಬಲ್ ವಾಪಸ್ ಹಾಕುವಾಗ ಬೋರ್ಡಿನ ಎಚ್‌ಡಿಎಂಐಗೆ ಹಾಕಿದೀರಾ ನೋಡಿ, 3600 ಒಳಗೆ ಗ್ರಾಫಿಕ್ಸೇ ಇಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಹಾಕ್ಬೇಕು. ಸಿಪಿಯು ಹತ್ರ ಮೇಲಿನ ಮೂಲೇಲಿ 8 ಪಿನ್ ಪವರ್ ಕೇಬಲ್ ಇರುತ್ತೆ, ಕೈ ಹೋಗಲ್ಲ ಅಂತ ಅದನ್ನ ಬಿಚ್ಚಿ ಮರೆಯೋದು ಜಾಸ್ತಿ, ಅದಿಲ್ದಿದ್ರೂ ಫ್ಯಾನ್ ತಿರುಗುತ್ತೆ, ಅದಕ್ಕೇ ಮೋಸ ಹೋಗೋದು. ಫ್ಯಾನ್ ವೈರ್ ಸಿಪಿಯು ಫ್ಯಾನ್ ಅಂತ ಬರ್ದಿರೋ ಕಡೇನೇ ಇರ್ಲಿ. ರ‍್ಯಾಮ್ ತಗ್ದು ಬಿಳಿ ರಬ್ಬರಲ್ಲಿ ಕಾಂಟ್ಯಾಕ್ಟ್ ತಿಕ್ಕಿ, ಪುಡಿ ಒರ್ಸಿ, ಟಕ್ ಅನ್ನೋವರ್ಗೂ ಒತ್ತಿ. ನಮ್ಮ ಕಡೆ ಮಳೆಗಾಲದ ಥಂಡಿ, ಕಾರವಾರ ಅಂಕೋಲಾದವ್ರಿಗೆ ಉಪ್ಪುಗಾಳಿ ಬೇರೆ, ಕಾಂಟ್ಯಾಕ್ಟ್ ಮಂಕಾಗೋದು ಅದಕ್ಕೇ. ಕೂಲರ್ ಸ್ಕ್ರೂ ಒಂದೇ ಕಡೆ ಬಿಗಿದಿದ್ರೆ ಸಡಿಲ ಮಾಡಿ ಎದುರುಬದುರು ಮೂಲೆ ಲೆಕ್ಕದಲ್ಲಿ ಬಿಗೀರಿ. ಬೋರ್ಡಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್ (ವಿಂಡೋಸ್ ಇರೋ ಡಿಸ್ಕ್) ಅಂತ ಪುಟ್ಟ ಲೈಟಿದ್ರೆ ಯಾವುದರ ಹತ್ರ ನಿಂತಿದೆಯೋ ಅಲ್ಲಿಂದ್ಲೇ ಶುರು ಮಾಡಿ.

ಡಿಸ್‌ಪ್ಲೇ ಬಂದ್ಮೇಲೆ "ಹೊಸ ಸಿಪಿಯು ಹಾಕಿದೀರಿ, ಎಫ್‌ಟಿಪಿಎಂ ರೀಸೆಟ್ ಮಾಡ್ಲಾ" ಅಂತ ಇಂಗ್ಲಿಷಲ್ಲಿ ಕೇಳ್ಬೋದು, ಅದು ಭದ್ರತೆಯ ಕೀಗಳನ್ನ ಕಾಪಾಡೋ ವ್ಯವಸ್ಥೆ. ಹಳೇದೇ ಸಿಪಿಯು, ಪಾಪ ಅದಕ್ಕೆ ಗುರ್ತು ಸಿಕ್ಕಿಲ್ಲ. ಖುಷೀಲಿ ವೈ ಒತ್ಬೇಡಿ, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ರಿಕವರಿ ಕೀ ಇಲ್ದೆ ವಿಂಡೋಸ್ ಒಳಗೆ ಬಿಡಲ್ಲ. ಎನ್ ಒತ್ತಿ, ಮುಂದೆ ಹೋಗಿ.