ನದಿಯ ಲೆಕ್ಕ ಮೀನಿನ ಮೈಯಲ್ಲಿ

ಕೇಳುಗರೇ, ನಮಸ್ಕಾರ.

ಒಂದು ನದಿ ಇದೆ ಅಂದುಕೊಳ್ಳಿ. ದಂಡೆಯ ಮೇಲೆ ಒಂದು ಕಾರ್ಖಾನೆ. ಅದರ ಕೊಳವೆಯಿಂದ ರಾತ್ರಿ ಎರಡು ಗಂಟೆಗೆ ಕೊಳಕು ನೀರು ಹರಿದು ಬರುತ್ತದೆ, ಬೆಳಗಾಗುವಷ್ಟರಲ್ಲಿ ನಿಂತುಹೋಗುತ್ತದೆ. ಹತ್ತು ಗಂಟೆಗೆ ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ ಎಂದು ಬರುತ್ತದೆ. ಅದು ಸುಳ್ಳು ವರದಿಯೇನೂ ಅಲ್ಲ. ಆ ಗಳಿಗೆಯ ನೀರು ಸರಿಯಾಗಿಯೇ ಇತ್ತು. ರಾತ್ರಿ ಬಂದ ನೀರು ಅಷ್ಟೊತ್ತಿಗೆ ಎಲ್ಲೋ ಕೆಳಗೆ ಹರಿದುಹೋಗಿತ್ತು.

ಮೀನು ಮಾತ್ರ ಆ ರಾತ್ರಿಯೂ ಅಲ್ಲೇ ಇತ್ತು. ಉಸಿರಾಡಬೇಕಾದರೆ ಅದೇ ನೀರನ್ನು ಕಿವಿರಿನ ಮೂಲಕ ಹಾಯಿಸಿಕೊಳ್ಳಬೇಕಲ್ವಾ? ಕಿವಿರಿನ ಪೊರೆ ತುಂಬಾ ತೆಳು. ನೀರಿನಲ್ಲಿರುವ ಕ್ಯಾಲ್ಸಿಯಂ ಒಳಗೆ ಬರಲೆಂದು ಅಲ್ಲಿ ದಾರಿಗಳಿವೆ. ಕೊಳಕು ನೀರಿನಲ್ಲಿ ಬಂದ ಕ್ಯಾಡ್ಮಿಯಂ ಎಂಬ ವಿಷಲೋಹವೂ ಅದೇ ದಾರಿಯಲ್ಲಿ ನುಸುಳುತ್ತದೆ. ಇನ್ನಷ್ಟು ಲೋಹ ತಿನ್ನುವ ಆಹಾರದ ಜೊತೆ ಹೊಟ್ಟೆಗೆ ಸೇರುತ್ತದೆ. ರಕ್ತ ಇದನ್ನೆಲ್ಲ ಲಿವರ್‌ಗೆ, ಕಿಡ್ನಿಗೆ ಹೊತ್ತೊಯ್ಯುತ್ತದೆ. ಲಿವರ್ ಸುಮ್ನೆ ಕೂರುವುದಿಲ್ಲ. ಮೆಟಾಲೋಥಯೊನೀನ್ ಎಂಬ ಪ್ರೋಟೀನನ್ನು ಜಾಸ್ತಿ ಮಾಡಿ, ಬಂದ ಲೋಹವನ್ನು ಹಿಡಿದು ಕಟ್ಟಿಹಾಕುತ್ತದೆ. ಹಾಗಾಗಿ ಈ ಪ್ರೋಟೀನನ್ನು ಅಳೆದರೂ ಸಾಕು, ಮೀನಿಗೆ ಲೋಹದ ಕಾಟ ಶುರುವಾಗಿದೆ ಎಂಬ ಸುಳಿವು ಸಿಗುತ್ತದೆ. ಹೀಗೆ ನೀರಿನ ಸ್ಥಿತಿಯ ಸುಳಿವು ಕೊಡುವ ಜೀವಿಯನ್ನೇ ಜೈವಿಕ ಸೂಚಕ ಎನ್ನುವುದು.

ಇಲ್ಲಿ ಒಂದು ಎಚ್ಚರ ಬೇಕು. ಮೀನಿನ ಯಾವ ಭಾಗವನ್ನು ಪರೀಕ್ಷಿಸುತ್ತೇವೆ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ತಾಮ್ರ, ಸತು ಎರಡೂ ಮೀನಿಗೆ ಒಂದಿಷ್ಟು ಬೇಕಾದವೇ. ಅವು ಹೆಚ್ಚಾದರೆ ಮಾಂಸಕ್ಕೆ ಹೋಗದಂತೆ ದೇಹವೇ ನಿಭಾಯಿಸುತ್ತದೆ. ಬರೀ ಮಾಂಸ ನೋಡಿ ನದಿ ಚೆನ್ನಾಗಿದೆ ಎಂದರೆ ಮೋಸಹೋದಂತೆ. ಲಿವರ್ ನೋಡಬೇಕು. ಸೀಸವನ್ನು ಮೂಳೆಯಲ್ಲಿ, ಕಿಡ್ನಿಯಲ್ಲಿ ಹುಡುಕಬೇಕು. ಪಾದರಸಕ್ಕೆ ಮಾತ್ರ ಮಾಂಸವೇ ಸರಿಯಾದ ಜಾಗ.

ಪಾದರಸದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯಾಡದ ಹೂಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದನ್ನು ಪಾಚಿ ಹೀರುತ್ತದೆ. ಪಾಚಿಯನ್ನು ಹುಳ ತಿನ್ನುತ್ತದೆ, ಹುಳವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಒಂದೊಂದು ಮೆಟ್ಟಿಲಿಗೂ ಪ್ರಮಾಣ ಏರುತ್ತದೆ. ಕೊನೆಗೆ ಬೇಟೆಯಾಡುವ ದೊಡ್ಡ ಮೀನಿನ ಮೈಯಲ್ಲಿ ನೀರಿನಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟು ಜಾಸ್ತಿ ಇರಬಹುದು. ನೀರಿನಲ್ಲಿ ಉಪಕರಣಕ್ಕೂ ಸಿಗದಷ್ಟು ಕಡಿಮೆ ಇದ್ದದ್ದು ಮೀನಿನಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2001ರಲ್ಲಿ ಮೀಥೈಲ್ ಪಾದರಸದ ಮಾನದಂಡವನ್ನು ನೀರಿಗೆ ಬದಲು ಮೀನಿನ ಮಾಂಸಕ್ಕೇ ಇಟ್ಟಿತು. ಒಂದು ಕಿಲೋ ಮಾಂಸಕ್ಕೆ 0.3 ಮಿಲಿಗ್ರಾಂ.

ಹಾಗಂತ ಸಿಕ್ಕ ಮೀನನ್ನು ಹಿಡಿದು ಪರೀಕ್ಷಿಸಿದರೆ ಆಗುವುದಿಲ್ಲ. ವಯಸ್ಸಾದ ದೊಡ್ಡ ಮೀನಿನಲ್ಲಿ ಪಾದರಸ ಸಹಜವಾಗಿಯೇ ಹೆಚ್ಚು. ಆದ್ದರಿಂದ ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ಅಳತೆಯ ಮೀನುಗಳನ್ನು ಹೋಲಿಸಬೇಕು. ಕಾರ್ಖಾನೆಯ ಮೇಲ್ಭಾಗದ ಹೊಳೆಯಲ್ಲೂ ಹಿಡಿಯಬೇಕು, ಕೆಳಭಾಗದಲ್ಲೂ ಹಿಡಿಯಬೇಕು. ದೂರದೂರ ವಲಸೆ ಹೋಗುವ ಮೀನು ಬೇಡ, ಅದು ಬೇರೆ ನೀರಿನ ಸುದ್ದಿ ಹೇಳೀತು. ಇದ್ದಲ್ಲೇ ಇರುವ, ತಳದ ಕೆಸರಿನಲ್ಲಿ ಮೇಯುವ ಮೀನು ಆ ಜಾಗದ ಹೂಳಿನ ವಿಷಯವನ್ನು ಚೆನ್ನಾಗಿ ತಿಳಿಸುತ್ತದೆ. ಮೀನಿನ ತಲೆಯೊಳಗೆ ಕಿವಿಕಲ್ಲು ಎಂಬ ಪುಟ್ಟ ಕಲ್ಲಿರುತ್ತದೆ, ಅದರಲ್ಲಿ ಮರದ ಕಾಂಡದ ಹಾಗೆ ವರ್ಷದ ಉಂಗುರಗಳು. ಮೀನಿನ ವಯಸ್ಸು ಅದರಿಂದ ಗೊತ್ತಾಗುತ್ತದೆ. ನನಗೆ ಈ ಪುಟ್ಟ ಕಲ್ಲಿನ ಬಗ್ಗೆ ಎಷ್ಟು ಹೇಳಿದರೂ ಸಾಲದು.

ಮೀನುಗಳು ಸತ್ತು ತೇಲಿದಾಗ ನಾವೆಲ್ಲ ಗಾಬರಿಯಾಗುತ್ತೇವೆ. ಅನೇಕ ಸಲ ಅದಕ್ಕೆ ಕಾರಣ ನೀರಿನಲ್ಲಿ ಆಮ್ಲಜನಕ ಕಡಿಮೆಯಾದದ್ದು. ನನಗೆ ಹೆಚ್ಚು ಭಯವಾಗುವುದು ಬದುಕಿರುವ, ಮಿರಿಮಿರಿ ಹೊಳೆಯುವ ಮೀನನ್ನು ಕಂಡಾಗ. ಅದರ ಮೈಯಲ್ಲಿ ಪಾದರಸ ಇದ್ದರೆ ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಬೇಯಿಸಿದರೂ ಹೋಗದು.

ಜಪಾನಿನ ಮಿನಮಾಟದಲ್ಲಿ ಆದದ್ದು ಇದೇ. ಅದು ನದಿಯಲ್ಲ, ಸಮುದ್ರದ ಕೊಲ್ಲಿ. ಅಲ್ಲಿ ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದಂತೆ ಒದ್ದಾಡಿ ಸತ್ತವು. 1956ರಲ್ಲಿ ಮನುಷ್ಯರಲ್ಲೂ ಕಾಯಿಲೆ ಪತ್ತೆಯಾಯಿತು. ಅಲ್ಲಿನ ಕಾರ್ಖಾನೆಯಿಂದ ಕೊಲ್ಲಿಗೆ ಪಾದರಸ ಬರುವುದು ನಿಂತದ್ದು 1968ರಲ್ಲಿ. ಆಮೇಲೂ ತಳದ ಹೂಳಿನಲ್ಲಿ ಅದು ಉಳಿದೇ ಇತ್ತು. ಮೀನುಗಳು ಹೊರಗೆ ಹೋಗದಂತೆ 1974ರಲ್ಲಿ ಕೊಲ್ಲಿಯ ಬಾಯಿಗೆ ಬಲೆ ಕಟ್ಟಿದರು. ಹೂಳೆತ್ತಿದರು. ವರ್ಷ ವರ್ಷವೂ ಮೀನು ಹಿಡಿದು ಪರೀಕ್ಷಿಸಿದರು. ಇನ್ನು ತಿನ್ನಬಹುದು ಎಂದು ಮೀನುಗಳ ಪರೀಕ್ಷೆಯಿಂದ ಖಚಿತವಾದ ಮೇಲೆ ಆ ಬಲೆಯನ್ನು ತೆಗೆದರು. ಆಗ 1997ನೇ ಇಸವಿ.

ನಮಸ್ಕಾರ.