ಅಟ್ಟದ ಮೇಲೆ ಅಡಗಿದ ಕುಂಬಾರ

ನಮಸ್ಕಾರ. ಇಂದು ಒಬ್ಬ ಕುಂಬಾರನ ಪರವಾಗಿ ಮಾತನಾಡಬೇಕೆಂದಿದ್ದೇನೆ. ಅವನ ಹೆಸರು ಅಜಾಲಾ. ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರ ಕಥೆಗಳಲ್ಲಿ ಅವನು ಪರಲೋಕದಲ್ಲಿ ಕುಳಿತು ಮಣ್ಣಿನ ತಲೆಗಳನ್ನು ಮಾಡುತ್ತಾನೆ. ಭೂಮಿಗೆ ಹೊರಟವರೆಲ್ಲ ಅವನ ಮನೆಗೆ ಹೋಗಿ ಒಂದೊಂದು ತಲೆ ಆರಿಸಿಕೊಳ್ಳಬೇಕು. ಅದನ್ನು ‘ಒರಿ’ ಎನ್ನುತ್ತಾರೆ. ತಲೆಯೂ ಅದೇ, ಅದೃಷ್ಟವೂ ಅದೇ. ನಮ್ಮಲ್ಲಿ ಬ್ರಹ್ಮ ಹಣೆಯ ಮೇಲೆ ಬರೆದು ಕಳಿಸುತ್ತಾನೆ. ಅವರಲ್ಲಿ ಬಂದವನೇ ತನ್ನ ತಲೆಯನ್ನು ಆರಿಸಿಕೊಂಡು ಬಂದಿರುತ್ತಾನೆ.

ಯೊರುಬಾ ಜನ ಶಕುನ ಕೇಳುವ ಪದ್ಧತಿಗೆ ಇಫಾ ಎಂದು ಹೆಸರು. ಅದರ ಪದ್ಯ-ಕಥೆಗಳ 256 ಅಧ್ಯಾಯಗಳನ್ನು ‘ಓಡು’ ಎನ್ನುತ್ತಾರೆ. ಅವುಗಳಲ್ಲಿ ಒಂದಾದ ಒಗುಂದಾ ಮೇಜಿಯಲ್ಲಿ ಈ ಕಥೆ ಬರುತ್ತದೆ. ಮೂವರು ಗೆಳೆಯರು: ಒರಿಶೇಕು, ಒರಿಲೇಮೆರೆ, ಅಫುವಾಪೆ. ‘ದಾರಿಯಲ್ಲಿ ಎಲ್ಲಿಯೂ ನಿಲ್ಲಬೇಡಿ, ತಂದೆಯ ದನಿ ಕೇಳಿದರೂ ತಿರುಗಬೇಡಿ’ ಎಂದು ಹಿರಿಯರು ಹೇಳಿ ಕಳಿಸುತ್ತಾರೆ. ಇಬ್ಬರು ಹಾಗೆಯೇ ನಡೆಯುತ್ತಾರೆ. ಅಜಾಲಾ ಮನೆಯಲ್ಲಿ ಕಾಣುವುದಿಲ್ಲ. ಒಬ್ಬ ಇನ್ನೂ ಸುಡದ ಹಸಿ ತಲೆಯನ್ನು ಎತ್ತಿಕೊಳ್ಳುತ್ತಾನೆ, ಇನ್ನೊಬ್ಬ ದೊಡ್ಡದಾಗಿ ಕಂಡ, ಆದರೆ ಒಡೆದಿದ್ದ ತಲೆಯನ್ನು. ಭೂಮಿಯ ದಾರಿಯಲ್ಲಿ ಮಳೆ ಹಿಡಿಯುತ್ತದೆ, ಮಣ್ಣು ಕರಗಿ ಹೋಗುತ್ತದೆ.

ಅಫುವಾಪೆ ಮಾತ್ರ ತಂದೆ ಒರುನ್ಮಿಲಾನನ್ನು ನೋಡದೆ ಹೋಗಲಾರೆ ಎನ್ನುತ್ತಾನೆ. ಅಲ್ಲಿ ಅವನ ಕೈಗೆ ಉಪ್ಪು, ಕವಡೆ ಸಿಗುತ್ತವೆ. ಮುಂದೆ ಒಬ್ಬ ದ್ವಾರಪಾಲಕ ಸಾರಿಗೆ ಬೂದಿ ಹಾಕಿ ಕುದಿಸುತ್ತಿರುತ್ತಾನೆ, ಇವನು ಉಪ್ಪು ಹಾಕಿ ರುಚಿ ತೋರಿಸುತ್ತಾನೆ. ಆ ಉಪ್ಪಿನ ಋಣಕ್ಕೆ ಅವನು ದಾರಿ ತೋರಿಸಲು ಬರುತ್ತಾನೆ. ಅಜಾಲಾ ಸಾಲ ಕೊಟ್ಟವನಿಗೆ ಹೆದರಿ ಅಟ್ಟ ಹತ್ತಿ ಕುಳಿತಿರುತ್ತಾನೆ! ಅಫುವಾಪೆ ಸಾಲ ತೀರಿಸುತ್ತಾನೆ, ಕುಂಬಾರ ಕೆಳಗಿಳಿದು ಕಬ್ಬಿಣದ ಸಲಾಕೆಯಿಂದ ತಲೆಗಳನ್ನು ಬಡಿದು ನೋಡಿ, ಗಟ್ಟಿಯಾಗಿ ನಾದ ಕೊಟ್ಟದ್ದನ್ನು ಆರಿಸಿಕೊಡುತ್ತಾನೆ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಂಡವರಿಗೆ ಆ ನಾದ ಏನೆಂದು ಗೊತ್ತು.

ಇದನ್ನು ಮಕ್ಕಳ ಚಿತ್ರಕಥೆ ಮಾಡುವವರಲ್ಲಿ ನನ್ನದೊಂದು ಬೇಡಿಕೆ: ಆ ಸಾಲವನ್ನು ಅಳಿಸಬೇಡಿ. ಅಜಾಲಾನನ್ನು ಬಿಳಿ ಗಡ್ಡದ ದೇವರನ್ನಾಗಿ ಮಾಡಬೇಡಿ. ಅದೃಷ್ಟವನ್ನು ಮಾಡುವವನೇ ಸಾಲಗಾರ, ಅವನ ಕೈಯ ತಲೆಗಳಲ್ಲಿ ಕೆಲವು ಬಿರುಕು ಬಿಟ್ಟವು, ಕೆಲವು ಹಸಿ. ಎಂಟು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಮನೆ ಬಾಗಿಲಿಗೆ ಸಾಲ ಕೇಳಲು ಬಂದವರನ್ನು ಅನೇಕ ಮಕ್ಕಳು ಕಂಡಿರುತ್ತಾರೆ.

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಹಿರಿಯರ ಮಾತು ಕೇಳಿದ ಇಬ್ಬರೂ ಕೆಟ್ಟರು, ಮೀರಿದವನು ಉಳಿದ. ‘ತಾಳ್ಮೆಯಿದ್ದರೆ ಒಳ್ಳೆಯದಾಗುತ್ತದೆ’ ಎಂದು ಕೊನೆಯ ಪುಟದಲ್ಲಿ ಅಚ್ಚು ಹಾಕಿದರೆ ಈ ಗೊಂದಲ ಮುಚ್ಚಿಹೋಗುತ್ತದೆ. ಮಗು ಕೇಳಲಿ: ‘ಅವರ ತಪ್ಪೇನಿತ್ತು?’ ನಾವು ಉತ್ತರಕ್ಕೆ ತಡವರಿಸೋಣ, ಅದರಿಂದ ನಷ್ಟವಿಲ್ಲ.

ಚಿತ್ರಗಳ ವಿಷಯಕ್ಕೆ ಬಂದರೆ, ಮುಖಪುಟಕ್ಕೆ ಜಿರಾಫೆ, ಕೆಂಪು ಸೂರ್ಯ, ಒಂದು ಒಂಟಿ ಮರ ಬೇಡವೇ ಬೇಡ. ಮಂಡ್ಯದ ಅಜ್ಜಿಯ ಕಥೆಗೆ ‘ಏಷ್ಯಾದ ಕಥೆ’ ಎಂದು ಹೆಸರಿಟ್ಟು ಒಂಟೆ ಬರೆದರೆ ನಮಗೆ ಹೇಗನಿಸುತ್ತದೆ? ಯೊರುಬಾ ನಾಡಿನಲ್ಲಿ ನೀಲಿ ಅದ್ದಿದ ಅದಿರೆ ಬಟ್ಟೆಯಿದೆ. ಅಲ್ಲಿನ ಮರದ ಶಿಲ್ಪಗಳಲ್ಲಿ ದೇಹಕ್ಕಿಂತ ತಲೆಗೇ ಹೆಚ್ಚು ಜಾಗ. ‘ಒರಿ’ಗೆಂದೇ ಕವಡೆ ಹೊಲಿದ ಪುಟ್ಟ ಗುಡಿಗಳಿವೆ. ಇಫೆ ನಗರದಲ್ಲಿ ನೂರಾರು ವರ್ಷಗಳ ಹಿಂದಿನ ಸುಟ್ಟ ಮಣ್ಣಿನ ತಲೆಗಳು ಸಿಕ್ಕಿವೆ, ಎಷ್ಟು ಶಾಂತವಾದ ಮುಖಗಳು! ಅಜಾಲಾನ ಅಂಗಳದಲ್ಲಿ ಸಾಲಾಗಿ ಇಡಲು ಅವಕ್ಕಿಂತ ಒಳ್ಳೆಯ ಮಾದರಿ ಬೇಕೆ?

ಕೊನೆಯಲ್ಲಿ ಸೋತ ಗೆಳೆಯರು ಅಳುತ್ತಾ ಹಾಡುತ್ತಾರೆ: ಒಳ್ಳೆಯ ತಲೆಯವರು ಎಲ್ಲಿ ಆರಿಸಿಕೊಂಡರೋ ಗೊತ್ತಿದ್ದರೆ ನಾವೂ ಅಲ್ಲಿಗೇ ಹೋಗುತ್ತಿದ್ದೆವು. ಅಫುವಾಪೆಯ ಉತ್ತರ: ನಾವೆಲ್ಲ ಆರಿಸಿಕೊಂಡದ್ದು ಒಂದೇ ಕಡೆ, ಪಾಲು ಮಾತ್ರ ಒಂದಾಗಲಿಲ್ಲ. ಆ ಪುಟದಲ್ಲಿ ಮೂವರನ್ನೂ ಒಂದೇ ಮಳೆಯಲ್ಲಿ ನಿಲ್ಲಿಸಿ ಬರೆಯಿರಿ. ಕೆಳಗೆ ಅಕ್ಷರ ಬೇಡ.