ಪಟ್ಟಿಯಲ್ಲಿದ್ದದ್ದು ಪರದೆಗೆ ಬಂತೆ?

ಕೇಳುಗರಿಗೆ ನಮಸ್ಕಾರ.

ಸಾಮಾನ್ಯವಾಗಿ ಜನವರಿ ಹೊತ್ತಿಗೆ ಆಸ್ಕರ್ ನಾಮನಿರ್ದೇಶನದ ಪಟ್ಟಿ ಹೊರಬೀಳುತ್ತದೆ. ಮರುದಿನದ ಪತ್ರಿಕೆಯಲ್ಲಿ ಅತ್ಯುತ್ತಮ ಚಿತ್ರ, ನಟ, ನಟಿ, ನಿರ್ದೇಶಕ, ಇಷ್ಟು ಮಾತ್ರ ದಪ್ಪಕ್ಷರದಲ್ಲಿ ಇರುತ್ತದೆ. ಛಾಯಾಗ್ರಹಣ, ಶಬ್ದ, ಸಂಕಲನ ಇವೆಲ್ಲ ಕೆಳಗೆಲ್ಲೋ ಸಣ್ಣಕ್ಷರದಲ್ಲಿ. ಟಿಕೆಟ್ ಕೊಳ್ಳುವವರು ಓದಬೇಕಾದದ್ದು ಆ ಸಣ್ಣಕ್ಷರವನ್ನೇ.

ಕಾರಣ ಇದೆ. ಆಸ್ಕರ್ ಕೊಡುವ ಅಕಾಡೆಮಿಯ ಸದಸ್ಯರು ಅವರವರ ಕಸುಬಿಗೆ ತಕ್ಕ ಹಾಗೆ ಬೇರೆ ಬೇರೆ ಶಾಖೆಗಳಲ್ಲಿದ್ದಾರೆ. ಛಾಯಾಗ್ರಹಣದ 5 ಹೆಸರನ್ನು ಆರಿಸುವವರು ಛಾಯಾಗ್ರಾಹಕರು, ಶಬ್ದದ 5 ಹೆಸರನ್ನು ಆರಿಸುವವರು ಶಬ್ದದ ಕೆಲಸ ಮಾಡುವವರು. ಅತ್ಯುತ್ತಮ ಚಿತ್ರದ 10 ಹೆಸರಿಗೆ ಮಾತ್ರ ಎಲ್ಲ ಶಾಖೆಯವರೂ ಕೈಹಾಕುತ್ತಾರೆ. ಎರಡನೇ ಸುತ್ತಿನಲ್ಲಿ, ಅಂದರೆ ಗೆಲುವನ್ನು ತೀರ್ಮಾನಿಸುವಾಗ, ಎಲ್ಲ ವಿಭಾಗಕ್ಕೂ ಎಲ್ಲರೂ ಮತ ಹಾಕಬಹುದು. ಒಂದು ವಿಭಾಗದ ಅಷ್ಟೂ ಚಿತ್ರ ನೋಡಿರಲೇಬೇಕು ಎಂಬ ನಿಯಮ ಬಂದದ್ದೇ 2026ರ ಸಮಾರಂಭದಿಂದ. ಹಾಗಾಗಿ ನಾಮನಿರ್ದೇಶನಕ್ಕೂ ಗೆಲುವಿಗೂ ಇರುವ ವ್ಯತ್ಯಾಸ, ಒಡವೆಯನ್ನು ಅಕ್ಕಸಾಲಿಗ ಒರೆಗೆ ಹಚ್ಚಿ ನೋಡಿದ್ದಕ್ಕೂ ಮದುವೆಮನೆಯಲ್ಲಿ ನಾಲ್ಕು ಜನ ಹೊಗಳಿದ್ದಕ್ಕೂ ಇರುವಷ್ಟೇ.

ಅತ್ಯುತ್ತಮ ಚಿತ್ರದ ಲೆಕ್ಕವಂತೂ ಇನ್ನೂ ಬೇರೆ. ಅಲ್ಲಿ ಸದಸ್ಯರು 10 ಚಿತ್ರಗಳಿಗೂ ಕ್ರಮಾಂಕ ಕೊಡುತ್ತಾರೆ. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಸ್ಥಾನ ಸಿಗದಿದ್ದರೆ, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ತೆಗೆದು, ಆ ಚೀಟಿಗಳನ್ನು ಅದರಲ್ಲಿ ಬರೆದ ಮುಂದಿನ ಹೆಸರಿಗೆ ಹಂಚುತ್ತಾರೆ. ಅರ್ಧ ದಾಟುವವರೆಗೂ ಹೀಗೇ. ಕೆಲವರು ತಲೆಯ ಮೇಲೆ ಹೊತ್ತು ಕೆಲವರು ಮೂಗು ಮುರಿಯುವ ಚಿತ್ರಕ್ಕೆ ಇದು ಕಷ್ಟ. ಎಲ್ಲರಿಗೂ ಎರಡನೆಯದೋ ಮೂರನೆಯದೋ ಆಗಿ ಹಿಡಿಸಿದ ಚಿತ್ರಕ್ಕೆ ಅನುಕೂಲ. ಅಂಥದ್ದನ್ನು ಮನೆಯ ಟೀವಿಯಲ್ಲಿ ನೋಡಿದರೂ ದೊಡ್ಡ ನಷ್ಟವಿಲ್ಲ. ಶಬ್ದಕ್ಕೆ ನಾಮನಿರ್ದೇಶನ ಬಂದ ಚಿತ್ರ ಹಾಗಲ್ಲ. ಅದಕ್ಕೆ ಹಾಲ್ ಬೇಕೇ ಬೇಕು.

2024ರಲ್ಲಿ ಶಬ್ದದ ಪ್ರಶಸ್ತಿ ಪಡೆದ 'ದ ಝೋನ್ ಆಫ್ ಇಂಟರೆಸ್ಟ್' ಚಿತ್ರವನ್ನೇ ತೆಗೆದುಕೊಳ್ಳೋಣ. ಆಶ್‌ವಿಟ್ಜ್ ಶಿಬಿರದ ಕಮಾಂಡೆಂಟನ ಮನೆ, ಹೂದೋಟ, ಮಕ್ಕಳ ಆಟ, ಊಟದ ಮೇಜು. ತೋಟದ ಗೋಡೆಯ ಆಚೆಗೇ ಶಿಬಿರ. ಅಲ್ಲಿ ನಡೆಯುವ ಹಿಂಸೆಯನ್ನು ಕ್ಯಾಮೆರಾ ತೋರಿಸುವುದೇ ಇಲ್ಲ; ಅದು ಕೇಳಿಸುತ್ತದೆ. ದೂರದ ಗುಂಡಿನ ಸದ್ದು, ಕೂಗು, ನಾಯಿ ಬೊಗಳುವುದು, ಎಲ್ಲದರ ಅಡಿಯಲ್ಲಿ ನಿಲ್ಲದೆ ಗುಂಯ್‌ಗುಡುವ ಒಂದು ತಗ್ಗಿನ ಮೊರೆತ. ಆ ಮೊರೆತ ಕೇಳದಿದ್ದರೆ ಉಳಿಯುವುದು ಒಂದು ಸಂಸಾರದ ಕಥೆ ಅಷ್ಟೆ. ಬಾಂಬಿನ ಸ್ಫೋಟವೇ ವಸ್ತುವಾಗಿದ್ದ, 13 ನಾಮನಿರ್ದೇಶನ ಪಡೆದಿದ್ದ 'ಓಪನ್‌ಹೈಮರ್' ಅದೇ ವಿಭಾಗದಲ್ಲಿ ಸ್ಪರ್ಧಿಸಿ ಸೋತದ್ದು ಈ ಮೊರೆತದ ಎದುರು. ನನ್ನ ಎಣಿಕೆಯಲ್ಲಿ ಸರಿಯಾದ ತೀರ್ಪು.

ಈ ಮೊರೆತ ನಮ್ಮ ಹಾಲ್‌ಗಳಲ್ಲಿ ಎಲ್ಲಿ ಕಳೆದುಹೋಗುತ್ತದೆ? ಸೌಂಡ್ ಪ್ರೊಸೆಸರ್‌ನಲ್ಲಿ ಫೇಡರ್ ಅಂತ ಒಂದು ಇರುತ್ತದೆ, ಸದ್ದು ಏರಿಸಿ ಇಳಿಸುವ ಗುಂಡಿ. ಡಾಲ್ಬಿ ಅಳತೆಯಲ್ಲಿ ಅದು 7ರಲ್ಲಿ ಇರಬೇಕು. ಶಬ್ದ ಮಿಶ್ರಣ ಮಾಡುವ ಕೋಣೆಯಲ್ಲಿಯೂ ಅದು 7ಕ್ಕೇ ನಿಂತಿರುತ್ತದೆ. ಪರದೆಯ ಹಿಂದಿನ ಒಂದೊಂದು ಸ್ಪೀಕರ್‌ನಿಂದಲೂ ಪರೀಕ್ಷಾ ಸದ್ದು 85 ಡೆಸಿಬೆಲ್ ಬರುವ ಹಾಗೆ ಹೊಂದಿಸಿರುತ್ತಾರೆ. ಹಾಲ್‌ಗಳಲ್ಲಿ ಆಗುವುದೇನೆಂದರೆ, ಜಾಹೀರಾತು ಮತ್ತು ಟ್ರೇಲರ್‌ಗಳು ಕಿವಿ ಒಡೆಯುವಷ್ಟು ಜೋರಾಗಿರುತ್ತವೆ. ಯಾರೋ ಹೋಗಿ ದೂರು ಹೇಳುತ್ತಾರೆ. ಫೇಡರ್ 5ಕ್ಕೋ 4.5ಕ್ಕೋ ಇಳಿಯುತ್ತದೆ. ಸಿನಿಮಾ ಶುರುವಾದ ಮೇಲೆ ಅದನ್ನು ಮತ್ತೆ ಏರಿಸುವವರು ಯಾರೂ ಇರುವುದಿಲ್ಲ. 4ರಿಂದ 10ರವರೆಗೆ ಒಂದೊಂದು ಅಂಕಿಗೂ ಸುಮಾರು 3.3 ಡೆಸಿಬೆಲ್ ಲೆಕ್ಕ. 7ರಿಂದ 4.5ಕ್ಕೆ ಬಂದರೆ 8 ಡೆಸಿಬೆಲ್ ಹೋಯಿತು. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ, ಹಾಗಾಗಿ 8 ಅಂದರೆ ಸಣ್ಣದೇನಲ್ಲ. ಮಾತು ಹೇಗೋ ಕೇಳುತ್ತದೆ. ಮಾತಿನ ಹಿಂದೆ ಇರುವುದೆಲ್ಲ ಏಸಿಯ ಸದ್ದಿನಲ್ಲಿ, ಪಕ್ಕದ ಹಾಲ್‌ನ ಫೈಟ್ ಸೀನಿನ ದಡಬಡದಲ್ಲಿ ಮುಳುಗಿಹೋಗುತ್ತದೆ.

ಇನ್ನೊಂದು ಮಾತು. ಇದೇ ಚಿತ್ರದ ಆರಂಭದಲ್ಲಿ ಹೆಸರು ಮೂಡಿ ಮಾಯವಾದ ಮೇಲೆ ಪರದೆ ಪೂರ್ತಿ ಕಪ್ಪಾಗುತ್ತದೆ, ಸಂಗೀತ ಮಾತ್ರ ಬಹಳ ಹೊತ್ತು ನಡೆಯುತ್ತದೆ. ಪ್ರೊಜೆಕ್ಟರ್ ಕೆಟ್ಟಿಲ್ಲ. ಕಣ್ಣನ್ನು ಸುಮ್ಮನಿರಿಸಿ ಕಿವಿಯನ್ನು ಎಬ್ಬಿಸುವ ಉಪಾಯ ಅದು. ಮ್ಯಾನೇಜರನ್ನು ಹುಡುಕಿಕೊಂಡು ಓಡಬೇಡಿ.

ಕೂರುವುದು ಎಲ್ಲಿ? ಹಾಲ್‌ನ ಶಬ್ದ ಹೊಂದಿಸಲು ಬರುವವರು ಮೈಕ್ ಇಡುವುದು ಪರದೆಯಿಂದ ಹಾಲ್‌ನ ಉದ್ದದ ಮೂರನೇ ಎರಡು ಭಾಗದಷ್ಟು ಹಿಂದೆ, ಮಧ್ಯದ ಆಸುಪಾಸಿನಲ್ಲಿ. ಶಬ್ದಕ್ಕೆ ಅದೇ ಜಾಗ. ಹಳೆಯ ಟಾಕೀಸುಗಳಲ್ಲಿ ಬಾಲ್ಕನಿಯ ಅಡಿಗೆ ಬರುವ ಹಿಂದಿನ ಸಾಲುಗಳನ್ನು ಮಾತ್ರ ಬಿಟ್ಟುಬಿಡಿ. ಮೇಲಿನ ಚಾವಣಿ ತಗ್ಗಾಗಿ ಸದ್ದು ಅಲ್ಲಿಗೆ ಮಂಕಾಗಿ ತಲುಪುತ್ತದೆ. ಚಿತ್ರಿಕೆಯ, ಅಂದರೆ ಪರದೆಯ ಮೇಲೆ ಕಾಣುವುದರ ಸಲುವಾಗಿ ಹೋಗುವುದಾದರೆ ಇನ್ನೊಂದೆರಡು ಸಾಲು ಮುಂದೆ ಬನ್ನಿ. ಅಳೆಯುವುದಕ್ಕೆ ಟೇಪು ಬೇಡ. ತೋಳು ಪೂರಾ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಕಣ್ಣಿಗೆ ಸುಮಾರು 10 ಡಿಗ್ರಿ. ಪರದೆ ಈ ಅಂಚಿನಿಂದ ಆ ಅಂಚಿಗೆ ಮೂರೂವರೆಯಿಂದ ನಾಲ್ಕೂವರೆ ಮುಷ್ಟಿ ಬಂದರೆ ಸರಿಯಾದ ಜಾಗ. ಮೂರಕ್ಕಿಂತ ಕಡಿಮೆ ಬಂದರೆ ದೊಡ್ಡ ಟೀವಿ ನೋಡಿದ ಹಾಗೆ. ಲೆಕ್ಕ ಬೇಕೆನ್ನುವವರಿಗೆ: 12 ಮೀಟರ್ ಅಗಲದ ಪರದೆಗೆ 36 ಡಿಗ್ರಿ ಸಿಗುವುದು ಹದಿನೆಂಟೂವರೆ ಮೀಟರ್ ದೂರದಲ್ಲಿ. ದುಬಾರಿ ರಿಕ್ಲೈನರ್ ಸೀಟುಗಳನ್ನು ಕಟ್ಟಕಡೆಯ ಸಾಲಿನಲ್ಲಿ ಹಾಕುವುದು ಬೆನ್ನಿಗೆ ಒಳ್ಳೆಯದಿರಬಹುದು, ಸಿನಿಮಾಕ್ಕಲ್ಲ. ಹಾಗಂತ ಗಾಂಧಿ ಕ್ಲಾಸಿಗೂ ಹೋಗಬೇಡಿ. ಶಿಳ್ಳೆ ಹೊಡೆಯುವ ಚಿತ್ರಕ್ಕೆ ಅದು ಚೆಂದ, ಇಲ್ಲಿ ಕತ್ತು ನೋಯುತ್ತದೆ.

ಇನ್ನು ಚಿತ್ರಿಕೆಯ ಆಕಾರ. ಬಾನುಲಿಯಲ್ಲಿ ತೋರಿಸುವ ಹಾಗಿಲ್ಲ, ಜೇಬಿನಿಂದ ನೋಟು ತೆಗೆಯಿರಿ. ಈಗ ಚಲಾವಣೆಯಲ್ಲಿರುವ 500ರ ನೋಟು 150 ಮಿಲಿಮೀಟರ್ ಉದ್ದ, 66 ಅಗಲ. ಸ್ಕೋಪ್ ಚಿತ್ರ ಅದಕ್ಕಿಂತ ತುಸು ಉದ್ದ, ಎತ್ತರ 1 ಆದರೆ ಅಗಲ 2.39. ಹೊಸ 10ರ ನೋಟು 123ಕ್ಕೆ 63. ಫ್ಲಾಟ್ ಎನ್ನುವ 1.85ರ ಚಿತ್ರ ಅದಕ್ಕಿಂತ ತುಸು ಗಿಡ್ಡ. ಈ ಎರಡೇ ಆಕಾರಕ್ಕೆ ನಮ್ಮ ಹಾಲ್‌ಗಳು ಒಗ್ಗಿಕೊಂಡಿವೆ. ಛಾಯಾಗ್ರಹಣದ ಪಟ್ಟಿಗೆ ಬರುವ ಚಿತ್ರಗಳು ಮಾತ್ರ ಈ ಎರಡರಲ್ಲೇ ನಿಲ್ಲುವುದಿಲ್ಲ. 2020ರಲ್ಲಿ ಪಟ್ಟಿಯಲ್ಲಿದ್ದ 'ದ ಲೈಟ್‌ಹೌಸ್' 1.19ರ ಕಪ್ಪುಬಿಳುಪು ಚಿತ್ರ, ಹೆಚ್ಚುಕಡಿಮೆ ಚೌಕ. 2025ರಲ್ಲಿ ಗೆದ್ದ 'ದ ಬ್ರೂಟಲಿಸ್ಟ್' 1.66. 'ದ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್' ಕಾಲಕ್ಕೆ ತಕ್ಕಂತೆ ಮೂರು ಆಕಾರ ಬದಲಿಸುತ್ತದೆ. ಇಂಥ ಚಿತ್ರಗಳಲ್ಲಿ ಪರದೆಯ ಎರಡು ಬದಿ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವನ್ನು ಕಪ್ಪು ಬಟ್ಟೆಯಿಂದ ಮುಚ್ಚಬೇಕು. ಅದನ್ನು ಮಾಸ್ಕಿಂಗ್ ಅನ್ನುತ್ತಾರೆ. ಡಿಜಿಟಲ್ ಪ್ರೊಜೆಕ್ಟರ್‌ನ ಕಪ್ಪು ನಿಜವಾಗಿ ಕಪ್ಪಲ್ಲ, ಬೂದಿ ಬಣ್ಣ. ಮುಚ್ಚದೆ ಬಿಟ್ಟರೆ ಆ ಬೂದಿ ಪಟ್ಟಿಗಳು ಚಿತ್ರದ ಕಪ್ಪನ್ನೂ ಪೇಲವ ಮಾಡುತ್ತವೆ. ಹಳೆಯ ಟಾಕೀಸುಗಳಲ್ಲಿ ಮೋಟಾರಿನಿಂದ ಸರಿಯುವ ಕಪ್ಪು ಬಟ್ಟೆ ಇರುತ್ತಿತ್ತು, ಎಷ್ಟೋ ಮಲ್ಟಿಪ್ಲೆಕ್ಸುಗಳಲ್ಲಿ ಅದೇ ಇಲ್ಲ.

ಸ್ಕೋಪ್ ಚಿತ್ರಕ್ಕೂ ಒಂದು ಮೋಸ ಇದೆ. ಪರದೆಯೇ 1.85ರ ಆಕಾರದ್ದಾಗಿದ್ದರೆ, ಸ್ಕೋಪ್ ಚಿತ್ರ ಅಗಲವಾಗುವ ಬದಲು ಮೇಲೆ ಕೆಳಗೆ ಕುಗ್ಗುತ್ತದೆ. ಎತ್ತರದಲ್ಲಿ ನೂರಕ್ಕೆ 23 ಭಾಗ ಹೋಯಿತು. ಅಂಥ ಹಾಲ್‌ನಲ್ಲಿ ಎರಡು ಮೂರು ಸಾಲು ಮುಂದೆ ಕೂತರೆ ನಷ್ಟ ಸ್ವಲ್ಪ ತುಂಬುತ್ತದೆ.

'ಓಪನ್‌ಹೈಮರ್' ಬಂದಾಗ ಐಮ್ಯಾಕ್ಸ್ ಎಂಬ ಹೆಸರಿನಿಂದ ಆದಷ್ಟು ಗೊಂದಲ ಇನ್ನಾವುದರಿಂದಲೂ ಆಗಿರಲಿಕ್ಕಿಲ್ಲ. ಅದರ ನಿಜವಾದ ಐಮ್ಯಾಕ್ಸ್ ಪ್ರಿಂಟು 70 ಮಿಲಿಮೀಟರ್ ಫಿಲ್ಮು, ಉದ್ದ ಸುಮಾರು 18 ಕಿಲೋಮೀಟರ್, ತೂಕ ಸುಮಾರು 270 ಕೆ.ಜಿ. ಅದನ್ನು ಓಡಿಸಿದ್ದು ಇಡೀ ಜಗತ್ತಿನಲ್ಲಿ 30 ಹಾಲ್‌ಗಳು. ಭಾರತದಲ್ಲಿ ಒಂದೂ ಇರಲಿಲ್ಲ. ಅಲ್ಲಿ ಐಮ್ಯಾಕ್ಸ್ ಕ್ಯಾಮೆರಾದ ದೃಶ್ಯಗಳು 1.43ರ ಆಕಾರದಲ್ಲಿ ಬರುತ್ತವೆ. ನಮ್ಮ ಡಿಜಿಟಲ್ ಐಮ್ಯಾಕ್ಸ್ 1.90, ಅಂದರೆ ಆ ದೃಶ್ಯಗಳ ಕಾಲುಭಾಗ ಮೇಲೂ ಕೆಳಗೂ ಸೇರಿ ಕತ್ತರಿಸಿಹೋಗಿರುತ್ತದೆ. ಮಾಮೂಲಿ ಸ್ಕೋಪ್ ಹಾಲ್‌ನಲ್ಲಿ ನೂರಕ್ಕೆ 40 ಭಾಗ. ಆದರೂ ಅರ್ಧಕ್ಕರ್ಧ ಸಿನಿಮಾ ಕೋಣೆಯಲ್ಲಿ ಕೂತು ಮಾತನಾಡುವವರ ಮುಖಗಳೇ ಆಗಿರುವುದರಿಂದ, ಆಕಾರದ ನಷ್ಟಕ್ಕಿಂತ ಬೆಳಕಿನ ನಷ್ಟವೇ ಅದಕ್ಕೆ ಹೆಚ್ಚು ಪೆಟ್ಟು ಕೊಟ್ಟಿತು ಎಂದು ನನ್ನ ಅಭಿಪ್ರಾಯ.

ಬೆಳಕಿನ ಅಳತೆ ಹೀಗೆ. ಬಿಳಿ ಬೆಳಕು ಬಿಟ್ಟಾಗ ಪರದೆಯ ಮಧ್ಯದಲ್ಲಿ 14 ಫುಟ್-ಲ್ಯಾಂಬರ್ಟ್ ಇರಬೇಕು. ಪ್ರೊಜೆಕ್ಟರ್‌ನೊಳಗಿನ ಝೆನಾನ್ ದೀಪ ಗಂಟೆಗಳು ಕಳೆದ ಹಾಗೆ ಮಂಕಾಗುತ್ತದೆ, ಖರ್ಚಿಗೆ ಹೆದರಿ ಬದಲಾಯಿಸುವುದನ್ನು ಮುಂದೂಡುತ್ತಾರೆ. ಪ್ರೊಜೆಕ್ಟರ್ ಮುಂದಿನ ಕಿಟಕಿ ಗಾಜಿಗೆ ಧೂಳು ಕೂತಿರುತ್ತದೆ. ತ್ರೀಡಿಗಾಗಿ ಹಾಕಿದ ಬೆಳ್ಳಿ ಪರದೆಯಾದರೆ ಮಧ್ಯೆ ಹೊಳಪು, ಅಂಚಿನಲ್ಲಿ ಕತ್ತಲು. ತ್ರೀಡಿ ಚಿತ್ರ ಮುಗಿದ ಮೇಲೆ ಅದರ ಫಿಲ್ಟರ್ ತೆಗೆಯಲು ಮರೆತು ಮಾಮೂಲಿ ಚಿತ್ರ ಓಡಿಸುವುದೂ ಉಂಟು. ಪರೀಕ್ಷೆ ಸುಲಭ: ಹಗಲಿನ ದೃಶ್ಯದಲ್ಲಿ ಬಿಳಿ ಅಂಗಿ ನೋಡಿ. ಅದು ಒಗೆಯದ ಪಂಚೆಯ ಬಣ್ಣಕ್ಕಿದ್ದರೆ ದೀಪ ಸೋತಿದೆ.

ಹೀಗೆ ದೀಪ ಸೋತ ಹಾಲ್‌ನಲ್ಲಿ ಮೊದಲು ಸಾಯುವುದು ರಾತ್ರಿಯ ದೃಶ್ಯ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಮಾಡಿದ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಕ್ಕೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪಡೆಯಿತು, ಆಸ್ಕರ್ ಕಿರುಚಿತ್ರ ವಿಭಾಗದ ಸ್ಪರ್ಧೆಗೆ ಅರ್ಹವೂ ಆಯಿತು. ಕೊನೆಯ ಐದರಲ್ಲಿ ಬರಲಿಲ್ಲ. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದೊಯ್ದು, ಬೆಳಗಾಗುವುದೇ ನಿಂತುಹೋಗುವ ಜನಪದ ಕಥೆ. ಊರಿಗೆ ಊರೇ ಕತ್ತಲಲ್ಲಿ ಅಲೆಯುತ್ತದೆ. ಅಲ್ಲಿ ಕತ್ತಲಿಗೂ ಕತ್ತಲಿಗೂ ನಡುವೆ ಇರುವ ಛಾಯೆಗಳೇ ಚಿತ್ರ; ಲ್ಯಾಪ್‌ಟಾಪಿನ ಮಸುಕಿನಲ್ಲಿ ನೋಡಿ ಇಷ್ಟೇನಾ ಅಂದುಕೊಂಡರೆ ತಪ್ಪು ಚಿತ್ರದ್ದಲ್ಲ.

ಮಧ್ಯಂತರದ ಕಾಟಕ್ಕೆ ಮದ್ದಿಲ್ಲ. ಹೊರದೇಶದ ಚಿತ್ರಗಳಲ್ಲಿ ಅದು ಇರುವುದಿಲ್ಲವಾದ್ದರಿಂದ ಹಾಲ್‌ನವರು ಗಡಿಯಾರ ನೋಡಿ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುತ್ತಾರೆ, ಮಾತಿನ ಅರ್ಧಕ್ಕೂ ನಿಲ್ಲಿಸಬಹುದು. 'ದ ಬ್ರೂಟಲಿಸ್ಟ್' ಇದಕ್ಕೆ ಹೊರತು, 215 ನಿಮಿಷದೊಳಗೆ 15 ನಿಮಿಷದ ಮಧ್ಯಂತರವನ್ನು ನಿರ್ದೇಶಕರೇ ಇಟ್ಟಿದ್ದಾರೆ. ಸಿಗರೇಟು ಕಂಡಾಗಲೆಲ್ಲ ಪರದೆಯ ಅಡಿಯಲ್ಲಿ ಮೂಡುವ ಎಚ್ಚರಿಕೆಯೂ ನಮ್ಮಲ್ಲಿ ಕಡ್ಡಾಯ. ಅದನ್ನು ಒಪ್ಪದೆ ವುಡಿ ಆ್ಯಲನ್ 2013ರಲ್ಲಿ 'ಬ್ಲೂ ಜಾಸ್ಮಿನ್' ಚಿತ್ರವನ್ನು ಭಾರತದ ಹಾಲ್‌ಗಳಿಗೆ ಬಿಡುಗಡೆಯನ್ನೇ ಮಾಡಲಿಲ್ಲ. ಕೇಟ್ ಬ್ಲಾಂಚೆಟ್‌ಗೆ ಅತ್ಯುತ್ತಮ ನಟಿ ಆಸ್ಕರ್ ತಂದುಕೊಟ್ಟ ಚಿತ್ರವದು.

ಮಧ್ಯಂತರ ಬೇಡವೆನ್ನುವವರಿಗೆ ಚಿತ್ರೋತ್ಸವವೇ ಗತಿ. ಬೆಂಗಳೂರಿನ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಬೇರೆ ಬೇರೆ ದೇಶಗಳು ಆಸ್ಕರ್‌ಗೆ ಕಳಿಸಿದ ಚಿತ್ರಗಳು ಹಲವು ಸಿಗುತ್ತವೆ. ಸಾಲು ನಿಲ್ಲಬೇಕು, ಸೀಟು ನಿಮ್ಮ ಆಯ್ಕೆಯದಲ್ಲ. ಅಲ್ಲಿ ಉಪಶೀರ್ಷಿಕೆ ಪರದೆಯ ತೀರಾ ಕೆಳಗೆ ಬರುವುದರಿಂದ ಮುಂದಿನವರ ತಲೆ ಅಡ್ಡವಾಗುತ್ತದೆ. ಅಡ್ಡ ಓಣಿಯ ಹಿಂದಿನ ಮೊದಲ ಸಾಲು ಸಿಕ್ಕರೆ ಆ ತೊಂದರೆ ಇಲ್ಲ.

ದೂರು ಹೇಳುವುದಾದರೆ ಮೊದಲ ಹತ್ತು ನಿಮಿಷದಲ್ಲಿ ಹೇಳಿ. ಮಲ್ಟಿಪ್ಲೆಕ್ಸಿನಲ್ಲಿ ಪ್ರತಿ ಪರದೆಗೂ ಒಬ್ಬ ಆಪರೇಟರ್ ಇರುವುದಿಲ್ಲ, ಒಬ್ಬಿಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ನೀವು ಹೇಳದೆ ಅವರಿಗೆ ತಿಳಿಯುವುದಿಲ್ಲ. 'ಸರಿಯಿಲ್ಲ' ಅಂದರೆ ತಲೆಯಾಡಿಸಿ ಕಳಿಸುತ್ತಾರೆ. 'ಎಡಗಡೆ ಫೋಕಸ್ ಇಲ್ಲ' ಅನ್ನಿ, 'ಮಾತು ಸಣ್ಣಗಿದೆ, ಫೇಡರ್ ಎಷ್ಟರಲ್ಲಿದೆ' ಎಂದು ಕೇಳಿ. ಅಂಕಿ ಕೇಳಿದವರ ಮಾತಿಗೆ ಯಾರಾದರೂ ಮೇಲೆ ಹತ್ತಿ ಹೋಗಿ ನೋಡುತ್ತಾರೆ.

ಚಿತ್ರ ಮುಗಿದಾಗ ಎದ್ದು ಹೊರಡಬೇಡಿ. ಕೊನೆಯ ಹೆಸರುಗಳ ಸಣ್ಣಕ್ಷರ ನಾಲ್ಕೂ ಮೂಲೆಯ ಹತ್ತಿರ ಚೂಪಾಗಿ ಕಂಡರೆ ಫೋಕಸ್ ಸರಿಯಿತ್ತು, ಮುಂದಿನ ಬಾರಿಯೂ ಅದೇ ಹಾಲ್‌ಗೆ ಬರಬಹುದು. ಶಬ್ದ ತಂಡದವರ ಹೆಸರು ಬರುವುದು ಬಹಳ ಕೆಳಗೆ. ಅಷ್ಟರಲ್ಲಿ ಹಾಲ್‌ನವರು ದೀಪ ಹಾಕಿ, ಬಾಗಿಲು ತೆರೆದು, ಪೊರಕೆ ಹಿಡಿದು ನಿಂತಿರುತ್ತಾರೆ.

ನಮಸ್ಕಾರ.